ಬಾಯಿಮಾತಿನ ಸಿಂಗಾಪುರ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಎಲ್ಲರಿಗೂ ಬರುವ ಹೊತ್ತಿಗೇ ನನಗೂ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಬೇರೆ ಹೆಂಗಸರು ಸಿಟ್ಟು ಬಂದರೆ ನಾಲ್ಕು ಪಾತ್ರೆ ಕುಕ್ಕಿ, ಒಂದು ಹೊತ್ತು ಊಟ ಬಿಟ್ಟು, ಸಂಜೆಯ ಹೊತ್ತಿಗೆ ಸರಿಹೋಗುತ್ತಾರೆ. ನಾನು ಊಟ ಬಿಡುವುದಿಲ್ಲ. ಹೊಟ್ಟೆ ತುಂಬ ಉಂಡು, ಕೈ ತೊಳೆದು, ಆಮೇಲೆ ಆರಾಮಾಗಿ ಕೂತು ಸಿಟ್ಟು ಮಾಡುತ್ತೇನೆ. ಈಗಲೂ ಹಾಗೇ ಕೂತಿದ್ದೇನೆ. ಸಿಟ್ಟು ಯಾರ ಮೇಲೆ ಎಂದರೆ, ಮೊದಲು ಗಂಡನ ಮೇಲೆ, ಆಮೇಲೆ ನ್ಯಾಮತಿಯ ನಾದಿನಿಯ ಮೇಲೆ, ಆಮೇಲೆ ಜಗಳೂರಿನ ಚಿಕ್ಕಮಾವನ ಕೆಮ್ಮಿನ ಮೇಲೆ. ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಡೆಯ ಒಂದು ಪದ್ಧತಿಯ ಮೇಲೆ.

ಆ ಪದ್ಧತಿ ಯಾವುದೆಂದರೆ ಬಾಯಿಮಾತಿನ ಉಪಚಾರ. ನಮ್ಮ ಚನ್ನಗಿರಿಯಲ್ಲಿ ನೀವು ಮಧ್ಯಾಹ್ನದ ಹೊತ್ತು ಯಾರದಾದರೂ ಮನೆ ಮುಂದೆ ಹಾದುಹೋದರೆ ಸಾಕು, "ಬರ್ರಿ, ಊಟ ಮಾಡ್ಕೊಂಡು ಹೋಗ್ರಿ" ಎಂಬ ಕೂಗು ಬರುತ್ತದೆ. ಒಳಗೆ ಅನ್ನದ ಪಾತ್ರೆ ತೊಳೆದು ಬೋರಲು ಹಾಕಿರುತ್ತಾರೆ, ಅದು ಬೇರೆ ಮಾತು. ನೀವು "ಈಗ ಆತ್ರೀ" ಎನ್ನಬೇಕು. ಅವರು "ಹಂಗಂದ್ರೆ ಹೆಂಗೆ, ಒಂದು ತುತ್ತು" ಎನ್ನಬೇಕು. ನೀವು ಹೊಟ್ಟೆ ಮುಟ್ಟಿ ತೋರಿಸಬೇಕು. ಮೂರನೆಯ ಸಲ ಅವರು ಕರೆದು, ನೀವು ಒಲ್ಲೆ ಎಂದು, ಇಬ್ಬರೂ ಸಂತೋಷದಿಂದ ಬೇರೆಯಾಗಬೇಕು. ಇದರಲ್ಲಿ ಮೋಸವಿಲ್ಲ. ಕರೆಯುವವರಿಗೂ ಗೊತ್ತು, ಒಲ್ಲೆ ಎನ್ನುವವರಿಗೂ ಗೊತ್ತು. ಗೊತ್ತಿಲ್ಲದವರು ಎಂದರೆ ವರ್ಗವಾಗಿ ಬಂದ ನೌಕರರು. ಹಿಂದೊಮ್ಮೆ ಕರಾವಳಿಯ ಕಡೆಯ ಒಬ್ಬರು ನಮ್ಮ ಬೀದಿಗೆ ಬಾಡಿಗೆಗೆ ಬಂದಿದ್ದರು. ಪಕ್ಕದ ಮನೆಯ ಸುಮಿತ್ರಮ್ಮ ಎಂದಿನಂತೆ "ಬರ್ರಿ, ಊಟಕ್ಕೆ" ಎಂದಾಗ ಆ ಮಹಾನುಭಾವ ಚಪ್ಪಲಿ ಬಿಟ್ಟು ಒಳಗೇ ಬಂದು ಕೂತುಬಿಟ್ಟರಂತೆ. ಸುಮಿತ್ರಮ್ಮ ಹಿತ್ತಲ ಬಾಗಿಲಿನಿಂದ ಓಡಿಬಂದು ನಮ್ಮ ಮನೆಯ ಸಾರು, ಪಲ್ಯ, ಕೊನೆಗೆ ಉಪ್ಪಿನಕಾಯಿಯನ್ನೂ ಒಯ್ದಿದ್ದು ನನಗಿನ್ನೂ ನೆನಪಿದೆ. ಅದರ ಬಟ್ಟಲು ಇನ್ನೂ ವಾಪಸ್ ಬಂದಿಲ್ಲ.

ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ನಲ್ಲಿ, ಬಣ್ಣದ ಡಬ್ಬ ಮಾರುವ ಈ ಮನುಷ್ಯ ಬಾಯಿಮಾತಿನ ಉಪಚಾರದಲ್ಲಿ ಊರಿಗೇ ಹೆಸರಾದವರು. ಯಾರಾದರೂ ಇವರ ಕೊಡೆ ನೋಡಿ ಚೆನ್ನಾಗಿದೆ ಎಂದರೆ "ತಗೊಂಡು ಹೋಗ್ರಿ, ನಿಮ್ದೇ ಅನ್ಕಳ್ರಿ" ಎನ್ನುತ್ತಾರೆ. ಕಾರು ನಿಲ್ಲಿಸಿದರೆ "ಕೀ ತಗೊಳ್ರಿ, ಒಂದು ರೌಂಡ್ ಹೊಡೀರಿ" ಎನ್ನುತ್ತಾರೆ. ದೇವರ ದಯೆ, ಕೇಳುವವರೆಲ್ಲ ನಮ್ಮ ಕಡೆಯವರೇ ಆದ್ದರಿಂದ ಕೊಡೆಯೂ ಉಳಿದಿದೆ, ಕಾರೂ ಉಳಿದಿದೆ.

ಲಾಕ್‌ಡೌನ್ ಬಂತಲ್ಲ, ಆಗ ಇವರ ಅಂಗಡಿಗೆ ಬೀಗ ಬಿತ್ತು. ಮದುವೆಯಾದಾಗಿನಿಂದ ಬೆಳಿಗ್ಗೆ ಹೋಗಿ ದೀಪ ಹಚ್ಚಿದ ಮೇಲೆ ಬರುತ್ತಿದ್ದ ಗಂಡ ಮೊದಲ ಸಲ ದಿನವಿಡೀ ಕೈಗೆ ಸಿಕ್ಕರು. ಸಿಕ್ಕ ಒಂದೇ ವಾರಕ್ಕೆ ಸಾಕಪ್ಪಾ ಸಾಕು ಅನ್ನಿಸಿತು. ನಾನು ಇಲ್ಲಿಯದೇ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಉಪ್ಪಿನಕಾಯಿ ಭರಣಿಗೆ ಫೋನ್ ಒರಗಿಸಿಕೊಂಡು ಆನ್‌ಲೈನ್ ಪಾಠ ಮಾಡುತ್ತಿದ್ದರೆ, ಇವರು ಬನಿಯನ್ನಿನಲ್ಲಿ ಹಿಂದೆ ಬಂದು ನಿಂತು, "ಶೇಂಗಾ ಚಟ್ನಿ ಎಲ್ಲಿಟ್ಟೀಯೇ?" ಎಂದು ಕೇಳುತ್ತಿದ್ದರು. ನಾನು ಖಂಡಗಳ ಬಗ್ಗೆ ಹೇಳುತ್ತಿದ್ದೆ. ಫೋನಿನ ಒಳಗಿನಿಂದ ಎಂಟನೇ ಕ್ಲಾಸಿನ ಯಾವುದೋ ಧ್ವನಿ, "ಫ್ರಿಜ್ ಮ್ಯಾಲೆ ಐತೆ ನೋಡ್ರಿ ಸರ್, ಕಾಣ್ತೈತೆ" ಎಂದಿತು. ಖಂಡಗಳ ಹೆಸರು ಒಂದು ಮಗುವಿಗೂ ನೆನಪಿರಲಿಲ್ಲ. ಚಟ್ನಿ ಮಾತ್ರ ಕಂಡಿತ್ತು.

ಮಾಡಲು ಕೆಲಸವಿಲ್ಲದೆ ಇವರು ಯಾರುಯಾರೋ ದೇಶ ಸುತ್ತುವ ವಿಡಿಯೋ ನೋಡತೊಡಗಿದರು. ಒಂದು ಸಂಜೆ ತಾರಸಿಯ ಮೇಲೆ ಕೂತಿದ್ದಾಗ, ಬಸ್ಸಿನ ಸದ್ದಿಲ್ಲದ ಊರು ನೋಡಿ ಇವರಿಗೆ ಏನನ್ನಿಸಿತೋ, "ಇದೊಂದು ಮುಗೀಲಿ, ನಿನ್ನ ಫಾರಿನ್ನಿಗೆ ಕರ್ಕೊಂಡು ಹೋಗ್ತೀನಿ" ಎಂದರು. ಪದ್ಧತಿಯ ಪ್ರಕಾರ ನಾನು, "ಅಯ್ಯೋ, ನನಗ್ಯಾಕ್ರೀ ಫಾರಿನ್ನು, ನೀವು ಚೆನ್ನಾಗಿದ್ರೆ ಸಾಕು" ಎನ್ನಬೇಕಿತ್ತು. ನಾನು "ಯಾವಾಗ?" ಎಂದೆ. ಇವರ ಮುಖ ನೋಡಬೇಕಿತ್ತು. ಮೂರು ಸಲ ಕರೆಯುವ ಮೊದಲೇ ಒಳಗೆ ಬಂದು ಎಲೆ ಮುಂದೆ ಕೂತ ಅತಿಥಿಯನ್ನು ನೋಡಿದ ಹಾಗೆ ನೋಡಿದರು.

ನಾನು ಸುಮ್ಮನೆ ಹಟ ಹಿಡಿದವಳಲ್ಲ. ಇಷ್ಟು ವರ್ಷ ಗೋಡೆಗೆ ಭೂಪಟ ತೂಗುಹಾಕಿ ಕೋಲಿನಿಂದ ತೋರಿಸುತ್ತಾ ಬಂದಿದ್ದೇನೆ. ಇದು ಸಮಭಾಜಕ ವೃತ್ತ, ಇದು ಪೆಸಿಫಿಕ್ ಸಾಗರ, ಇದು ಮಲಕ್ಕಾ ಜಲಸಂಧಿ. ನಾನು ಕಣ್ಣಾರೆ ಕಂಡ ಜಲರಾಶಿ ಎಂದರೆ ಸಂತೇಬೆನ್ನೂರಿನ ಪುಷ್ಕರಣಿ. ಪ್ರತಿವರ್ಷ ಶಾಲೆಯ ಪ್ರವಾಸವೆಂದರೆ ಅದೇ. ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿ ಪುಳಿಯೋಗರೆ ಹಂಚಿ, ಯಾರೂ ನೀರಿಗೆ ಬೀಳದಂತೆ ಕಾದು ಕರೆತರುವುದು. ಶಾಲೆ ಮತ್ತೆ ಶುರುವಾದ ಮೇಲೆ ಒಂದು ದಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇದನ್ನೆಲ್ಲ ನೀವು ನೋಡೀರಾ?" ಎಂದಳು. ಇಲ್ಲ ಎಂದೆ. ಇಡೀ ಕ್ಲಾಸು ನನ್ನನ್ನು ಒಂಥರಾ ನೋಡಿತು. ಮೊಳೆ ಮಾರುವವನಿಗೆ ಮೊಳೆ ಗೊತ್ತಿರುತ್ತದೆ, ಸೀರೆ ಮಾರುವವನಿಗೆ ಸೀರೆ ಗೊತ್ತಿರುತ್ತದೆ, ನಾನೊಬ್ಬಳು ಕಾಣದ ಪ್ರಪಂಚ ಮಾರುತ್ತಿದ್ದೇನೆ ಅನ್ನಿಸಿ ಮೈಯೆಲ್ಲ ಉರಿಯಿತು. ನಿವೃತ್ತಿಯಾಗುವ ಮೊದಲು ಒಂದೇ ಒಂದು ಸಲ, ಭೂಪಟದ ಮೇಲೆ ಕೋಲಿಟ್ಟು "ಇಲ್ಲಿ ನಾನು ಹೋಗಿದ್ದೆ" ಎನ್ನಬೇಕು. ನನ್ನ ಆಸೆ ಇಷ್ಟೇ. ಇದರಲ್ಲಿ ದುರಾಸೆ ಏನಿದೆ ಹೇಳಿ.

ವಿಮಾನಗಳು ಮತ್ತೆ ಹಾರತೊಡಗಿದ ಸುದ್ದಿ ಬಂದದ್ದೇ ತಡ, ನಾನು ಇವರ ಬೆನ್ನು ಹತ್ತಿದೆ. "ಅವತ್ತು ಬಾಯಿಮಾತಿಗೆ ಅಂದಿದ್ದೆ ಕಣೇ" ಎಂದರು. "ನಾನು ಕಿವಿಯಲ್ಲೇ ಕೇಳಿಸ್ಕೊಂಡಿದ್ದು" ಎಂದೆ. ಕೊನೆಗೆ ದಾವಣಗೆರೆಯ ಟೂರ್ ಏಜೆಂಟನನ್ನು ಹಿಡಿದು, ಏಪ್ರಿಲ್ ರಜೆಗೆ ಸಿಂಗಾಪುರ ಎಂದು ನಿಶ್ಚಯವಾಯಿತು. ಭೂಪಟದಲ್ಲಿ ಕೋಲಿನ ತುದಿ ಇಟ್ಟರೆ ಇಡೀ ದೇಶವೇ ಮುಚ್ಚಿಹೋಗುತ್ತದೆ, ಅಷ್ಟು ಚಿಕ್ಕದು. ಆದರೆ ಸಮಭಾಜಕ ವೃತ್ತದಿಂದ ಬೆರಳಗಲ ಮಾತ್ರ ದೂರ. ನನಗೆ ಅಷ್ಟು ಸಾಕಿತ್ತು. ನಿಯಮಗಳು ಆಗಿನ್ನೂ ಪೂರ್ತಿ ಸಡಿಲವಾಗಿರಲಿಲ್ಲ. ಲಸಿಕೆ ಆಗಿರಬೇಕು, ಹೊರಡುವ ಮೊದಲು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಟೆಸ್ಟ್ ಮಾಡಿಸಬೇಕು, ಅದರಲ್ಲಿ ಏನೂ ಇಲ್ಲ ಎಂದು ಬರಬೇಕು. ನಾನು ಗಂಡನಿಗೆ ಸ್ಪಷ್ಟವಾಗಿ ಹೇಳಿದೆ: "ನೋಡ್ರೀ, ಹೊರಡೋವರೆಗೂ ಯಾರ ಮನೆಗೂ ಹೋಗೋದು ಬೇಡ, ಯಾರೂ ಬರೋದು ಬೇಡ. ಬಾಯಿ ಮುಚ್ಕೊಂಡು ಇದ್ದುಬಿಡೋಣ." ಮಾಸ್ಕಿನ ಅರ್ಥದಲ್ಲೂ ಹೇಳಿದೆ, ಇನ್ನೊಂದು ಅರ್ಥದಲ್ಲೂ ಹೇಳಿದೆ.

ಇವರು ಗಾಬರಿಯಾದರು. "ಹಿರಿಯರಿಗೆ ಹೇಳದೆ ಸಮುದ್ರ ದಾಟಾಕೆ ಆಗುತ್ತೇನೇ?" ಎಂದರು. ಇವರ ವಂಶದಲ್ಲಿ ದೂರದ ಪ್ರಯಾಣ ಹೊರಡುವ ಮೊದಲು ಮನೆಮನೆಗೆ ಹೋಗಿ, ಕಾಲಿಗೆ ನಮಸ್ಕಾರ ಮಾಡಿ, ಹೇಳಿ ಬರಬೇಕಂತೆ. ಇವರ ಅಜ್ಜ ಶ್ರೀಶೈಲಕ್ಕೆ ಹೋಗುವಾಗ ಹಾಗೇ ಮಾಡಿದ್ದರಂತೆ. ಅಜ್ಜ ನಡೆದು ಹೋಗಿದ್ದರು, ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ, ಹೇಳಿ ಹೋದರು. ನಾವು ನಾಲ್ಕು ಗಂಟೆ ವಿಮಾನದಲ್ಲಿ ಕೂತು ವಾರದೊಳಗೆ ಬರುವವರು, ಫೋನ್ ಮಾಡಿದರೆ ಸಾಲದೇ ಎಂದೆ. "ಫೋನಲ್ಲಿ ಹೇಳಾಕೆ ಅದೇನು ಸಾವಿನ ಸುದ್ದಿನಾ?" ಎಂದು ನನ್ನನ್ನೇ ಗದರಿದರು. ಹೀಗೆ ಸಿಂಗಾಪುರಕ್ಕೆ ಹೊರಟ ನಾವು ಮೊದಲು ಹೊನ್ನಾಳಿಗೆ ಹೋದೆವು.

ಹೊನ್ನಾಳಿಯಲ್ಲಿ ಇವರ ಸೋದರತ್ತೆ ಇದ್ದಾರೆ. ಎದ್ದು ಓಡಾಡಲಾರದ ವಯಸ್ಸು, ಆದರೆ ನಾಲಿಗೆಗೆ ಇನ್ನೂ ಹದಿನಾರು. "ಸಿಂಗಾಪುರಕ್ಕಾ? ಅಲ್ಲಿ ಯಾವ ದೇವ್ರು ಐತೆ?" ಎಂದರು. ದೇವರಿಗಲ್ಲ ಅತ್ತೆ, ಸುಮ್ಮನೆ ನೋಡಲಿಕ್ಕೆ ಎಂದೆ. "ಸುಮ್ನೆ ನೋಡಾಕೆ ಅಷ್ಟು ದೂರ ಯಾಕೆ ಹೋಗ್ತೀಯವ್ವ? ಮಳೆಗಾಲಕ್ಕೆ ಇಲ್ಲಿಗೆ ಬಾ, ಹೊಳೆ ತುಂಬಿರ್ತೈತೆ, ಸೇತುವೆ ಮ್ಯಾಲೆ ನಿಂತು ಎಷ್ಟು ಬೇಕೋ ಅಷ್ಟು ನೋಡು. ಯಾರು ಬ್ಯಾಡ ಅಂತಾರೆ?" ಎಂದರು. ಇವರು ತಕ್ಷಣ ತಮ್ಮ ವರಸೆ ತೆಗೆದರು: "ನೀವೂ ಬರ್ರಿ ಅತ್ತೆ, ಎತ್ಕೊಂಡೇ ಹೋಗ್ತೀನಿ." ಅತ್ತೆ ಕೂತಲ್ಲೇ ನಕ್ಕು, "ಬಚ್ಚಲಿಗೆ ಹೋಗಾಕೇ ಇಬ್ರು ಬೇಕು ನನಗೆ, ನೀವು ಹೋಗಿ ಬರ್ರಪ್ಪ" ಎಂದರು. ಎಷ್ಟು ಚಂದದ ಉತ್ತರ! ಪದ್ಧತಿ ತಿಳಿದವರು ಎಂದರೆ ಹಾಗಿರಬೇಕು. ಹೋಳಿಗೆ ತಿಂದು ಎದ್ದೆವು.

ಅಲ್ಲಿಂದ ನ್ಯಾಮತಿ. ಅಲ್ಲಿ ಇವರ ತಂಗಿ ಗಿರಿಜಾ ಇರುವುದು. ಗಂಡ ಲಾರಿ ವ್ಯವಹಾರದವರು, ಮನೆಯಲ್ಲಿ ಇರುವುದು ಅಪರೂಪ. ನನ್ನ ನಾದಿನಿ ಕೆಟ್ಟವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳಿಗೆ ಮನಸ್ಸಿನ ಮಾತು, ಬಾಯಿಮಾತು ಎಂಬ ವ್ಯತ್ಯಾಸ ಹುಟ್ಟಿನಿಂದಲೂ ತಿಳಿಯದು. ಟೀ ಲೋಟ ಕೈಗೆ ಬರುವ ಮೊದಲೇ ಇವರು, "ಗಿರಿಜಾ, ನೀನೂ ಬಾರೇ, ಮೂರು ಜನ ಆಗ್ತೀವಿ" ಎಂದರು. ಅವಳು "ನಾನೆಲ್ಲಿ ಬರ್ಲಣ್ಣ, ಮನೆ ಯಾರು ನೋಡ್ಕೊಂತಾರೆ" ಎನ್ನಬೇಕಿತ್ತು. ಅನ್ನಲಿಲ್ಲ. ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಪಾಸ್‌ಪೋರ್ಟ್! ಇವಳ ಭಜನಾ ಮಂಡಳಿಯವರು ಕೊರೊನಾ ಬರುವ ಮೊದಲು ನೇಪಾಳಕ್ಕೆ ಹೋಗುತ್ತೇವೆಂದು ಎಲ್ಲರೂ ಸೇರಿ ಪಾಸ್‌ಪೋರ್ಟ್ ಮಾಡಿಸಿದ್ದರಂತೆ. ನೇಪಾಳಕ್ಕೆ ಅದು ಬೇಕೇ ಇಲ್ಲ ಎಂದು ಮಾಡಿಸಿದ ಮೇಲೆ ಗೊತ್ತಾಯಿತಂತೆ. "ಯಾತಕ್ಕಾದ್ರೂ ಬಂತಲ್ಲ ಅತ್ತಿಗೆ, ಹಾಳಾಗಲಿಲ್ಲ ನೋಡ್ರಿ" ಎಂದು ನನ್ನ ಮುಂದೆ ಹಿಡಿದಳು. ನಾನು ಗಂಡನ ಮುಖ ನೋಡಿದೆ. ಅವರು ಟೀ ಲೋಟದ ತಳ ನೋಡುತ್ತಿದ್ದರು. ಆಗ ನಾನು ಏನು ಹೇಳಿದೆ ಗೊತ್ತೇ? "ಒಳ್ಳೇದಾತು ಬಿಡು ಗಿರಿಜಾ, ನನಗೂ ಜೊತೆ ಆಗುತ್ತೆ" ಎಂದೆ. ನಗುನಗುತ್ತಾ ಎಂದೆ. ಹಲ್ಲು ನೋವು ಬಂತು.

ಕಾರಿನಲ್ಲಿ ಬರುವಾಗ ಮಾತ್ರ ಬಿಡಲಿಲ್ಲ. "ನಿಮಗೆ ಬುದ್ಧಿ ಐತೇನ್ರೀ? ಆ ಬಾಯಿಗೆ ಒಂದು ಚಿಲಕ ಹಾಕಾಕೆ ಆಗಲ್ವಾ? ಅಂಗಡಿ ತುಂಬ ಚಿಲಕ ಇಟ್ಕೊಂಡು ಕುಂತೀರಿ!" ಎಂದೆ. ಇವರು, "ಅವಳು ಹೂಂ ಅಂತಾಳೆ ಅಂತ ನನಗೇನು ಗೊತ್ತಿತ್ತು?" ಎಂದು ಸ್ಟೀರಿಂಗ್ ಹಿಡಿದುಕೊಂಡು ಅಳುವವರ ಹಾಗೆ ಕೂತರು. ಏಜೆಂಟನಿಗೆ ಫೋನ್ ಮಾಡಿದರೆ ಅವನು ಇನ್ನೂ ಖುಷಿಯಾಗಿ, "ಏನ್ ತೊಂದ್ರೆ ಇಲ್ಲ ಮೇಡಂ, ಅದೇ ರೂಮಿಗೆ ಇನ್ನೊಂದು ಮಂಚ ಹಾಕ್ಸಿ ಕೊಡ್ತೀನಿ" ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನ ಜೊತೆ ಒಬ್ಬಳೇ ಹೊರಟರೆ, ನಡುವೆ ಗೊರಕೆ ಹೊಡೆಯುವ ನಾದಿನಿಯ ಮಂಚ. ಆದರೂ ಸಹಿಸಿದೆ. ಸಮಭಾಜಕ ವೃತ್ತದ ಮುಖ ನೋಡಿ ಸಹಿಸಿದೆ.

ಉಳಿದದ್ದು ಜಗಳೂರು, ಇವರ ಚಿಕ್ಕಪ್ಪನ ಊರು. ಅಲ್ಲಿಗೆ ಹೋಗುವುದು ಬೇಡವೇ ಬೇಡ, ಟೆಸ್ಟಿಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಬಾಯಿ ಬಡಿದುಕೊಂಡೆ. "ಹೊನ್ನಾಳಿಗೆ ಹೋಗಿ ಜಗಳೂರಿಗೆ ಹೋಗಲಿಲ್ಲ ಅಂದ್ರೆ ಚಿಕ್ಕಪ್ಪ ಸಾಯೋವರೆಗೂ ಮಾತಾಡಲ್ಲ" ಎಂದರು. ಮಾತಾಡದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಸಿಲಲ್ಲಿ ಬಿಳಿಚೋಡು ದಾಟಿ ಹೋದೆವು. ಚಿಕ್ಕಮಾವ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದರು. ನಾನು ದೂರದಿಂದಲೇ, "ಏನ್ ಮಾವ, ಕೆಮ್ಮು?" ಎಂದೆ. "ಏ, ಧೂಳಿನ ಕೆಮ್ಮವ್ವ ಇದು, ನಲ್ವತ್ತು ವರ್ಷದಿಂದ ಐತೆ" ಎಂದರು. ನಾನು ಮಾಸ್ಕ್ ಹಾಕಿಕೊಂಡೇ ಕಾಲಿಗೆ ಬಗ್ಗಿದೆ. ಪಕ್ಕದಿಂದ ಇವರು ಮೊಣಕೈಯಲ್ಲಿ ತಿವಿದು, "ಹಿರಿಯರ ಮುಂದೆ ಮುಖ ಮುಚ್ಕೊಂಡು ನಮಸ್ಕಾರ ಮಾಡ್ತಾರೇನೇ?" ಎಂದು ಪಿಸುಗುಟ್ಟಿದರು. ಮರ್ಯಾದೆ ಬೇಕಲ್ಲ, ಮಾಸ್ಕ್ ಇಳಿಸಿದೆ. ಚಿಕ್ಕಮಾವ ನನ್ನ ತಲೆಯ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳವ್ವ" ಎಂದು ಹರಸುವಾಗ ಮಧ್ಯದಲ್ಲಿ ಕೆಮ್ಮು ಬಂತು. ಹರಕೆಯೂ ಕೆಮ್ಮೂ ಒಟ್ಟಿಗೇ ಬಿದ್ದವು. ಆಮೇಲೆ ನಾನು ಮೂಲೆಯಲ್ಲಿ ನಿಂತು ಕೈಗೆ ಸ್ಯಾನಿಟೈಸರ್ ಸುರಿದುಕೊಂಡರೆ, ಇವರು ಚಿಕ್ಕಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ, ಮಾಸ್ಕನ್ನು ಗದ್ದಕ್ಕೆ ಬಿಗಿದುಕೊಂಡು ಹರಟೆ ಹೊಡೆದರು.

ಹೊರಡುವ ಮುನ್ನ ದಾವಣಗೆರೆಗೆ ಹೋಗಿ ಮೂವರೂ ಮೂಗೊಡ್ಡಿ ಬಂದೆವು. ಮರುದಿನ ಫೋನಿಗೆ ರಿಪೋರ್ಟ್ ಬಂತು. ಗಿರಿಜಾ: ಏನೂ ಇಲ್ಲ. ನಮ್ಮ ಮನೆಯವರು: ಏನೂ ಇಲ್ಲ. ನಾನು: ಪಾಸಿಟಿವ್.

ಎರಡು ವರ್ಷ ನಾನು ಸೊಪ್ಪನ್ನು ಉಪ್ಪುನೀರಲ್ಲಿ ತೊಳೆದಿದ್ದೇನೆ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿದ್ದೇನೆ. ಬೀದಿಯಲ್ಲಿ ಸೀನಿದವರನ್ನೆಲ್ಲ ಕಣ್ಣಲ್ಲೇ ಸುಟ್ಟಿದ್ದೇನೆ. ಒಂದು ಸೀನು ಇಲ್ಲ, ಜ್ವರ ಇಲ್ಲ, ಬೆಲ್ಲದ ರುಚಿ ಬೆಲ್ಲದ ಹಾಗೇ ಇದೆ, ಆದರೂ ನನಗೇ! ಊರವರ ತಟ್ಟೆಯಲ್ಲೆಲ್ಲ ಕೈ ಹಾಕಿದ ಗಂಡನಿಗೆ ಏನೂ ಇಲ್ಲ! ರೋಗಕ್ಕೂ ಒಂದು ನ್ಯಾಯ ಬೇಡವೇ? ಜಗಳೂರಿಗೆ ಫೋನ್ ಮಾಡಿ ವಿಷಯ ಹೇಳಿದರೆ ಚಿಕ್ಕಮಾವ, "ಅಯ್ಯೋ, ಅವತ್ತು ಮೂಲ್ಯಾಗೆ ದೂರ ನಿಂತಿದ್ದಾಗ್ಲೇ ಅನ್ಕಂಡೆ ಕಣವ್ವ, ನಿನಗೆ ಏನೋ ಐತೆ ಅಂತ. ನಮಗೆಲ್ಲ ಹತ್ತಿಸಿ ಹೋದ್ಯಲ್ಲವ್ವ" ಎಂದರು. ಫೋನ್ ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಹೊಸ ಫೋನು, ಎಸೆಯಲಿಲ್ಲ.

ಮಲಗುವ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಇವರು ಏಜೆಂಟನ ಜೊತೆ ಮಾತಾಡುವುದು ಹೊರಗಿನಿಂದ ಕೇಳಿಸುತ್ತಿತ್ತು. ತಾರೀಖು ಬದಲಿಸಲಾಗುವುದಿಲ್ಲವಂತೆ, ರಿಪೋರ್ಟ್ ಸರಿ ಇರುವವರು ಹೋಗಬಹುದಂತೆ. ಆಮೇಲೆ ಬಾಗಿಲ ಹತ್ತಿರ ಬಂದು ನಿಂತರು.

"ಬ್ಯಾಡ ಬಿಡು, ಎಲ್ಲ ಕ್ಯಾನ್ಸಲ್ ಮಾಡ್ತೀನಿ. ನೀನಿಲ್ದೆ ಅಲ್ಲಿ ನಾನೇನು ನೋಡ್ಲಿ?" ಎಂದರು.

ನನ್ನ ಕಣ್ಣು ತುಂಬಿಬಂತು, ನಿಜ ಹೇಳುತ್ತೇನೆ. ಇಷ್ಟು ಒಳ್ಳೆಯ ಮಾತಿಗೆ ಒಳ್ಳೆಯ ಮಾತನ್ನೇ ಆಡಬೇಕಲ್ಲ. "ನನ್ನಿಂದ ನಿಮ್ಮದ್ಯಾಕೆ ಹಾಳಾಗಬೇಕು? ನೀವಾದ್ರೂ ಹೋಗಿ ಬರ್ರಿ" ಎಂದೆ.

"ಛೆ, ನೀನೊಬ್ಬಳೇ ಹೆಂಗಿರ್ತೀಯ?"

"ಪಕ್ಕದಲ್ಲಿ ಸುಮಿತ್ರಮ್ಮ ಇದ್ದಾರಲ್ಲ. ಗಿರಿಜಾ ಬೇರೆ ಆಸೆ ಇಟ್ಕೊಂಡಾಳೆ. ಹೋಗ್ರಿ."

"ನನಗೆ ಮನಸ್ಸೇ ಇಲ್ಲ ಕಣೇ."

"ಹೋಗ್ರಿ ಅಂದ್ನಲ್ಲ!"

ಮೂರು ಸಲ ಆಯಿತು. ಇನ್ನು ಇವರು "ಸಾಧ್ಯವೇ ಇಲ್ಲ" ಎಂದು ಹೇಳಿ, ಬಾಗಿಲ ಆಚೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಮುಂದಿನ ರಜೆಗೆ ನಾವಿಬ್ಬರೇ ಹೋಗೋಣ ಎನ್ನುತ್ತಾರೆ ಎಂದು ಕಿವಿ ಬಾಗಿಲಿಗೆ ಹಚ್ಚಿ ನಿಂತೆ. ಕುರ್ಚಿ ಎಳೆದ ಸದ್ದು ಬರಲಿಲ್ಲ. ಬಂದದ್ದು ಸೂಟ್‌ಕೇಸಿನ ಗಾಲಿ ಹಾಲಿನ ಟೈಲ್ಸ್ ಮೇಲೆ ಉರುಳುವ ಸದ್ದು. ತರಕಾರಿ ತರುವುದರಿಂದ ಹಿಡಿದು ಮಗಳ ಮದುವೆಯವರೆಗೆ ನನ್ನ ಒಂದೇ ಒಂದು ಮಾತು ಕೇಳದ ಮನುಷ್ಯ, ಅವತ್ತು ಕೇಳಿದರು. ಅದೂ ಅಕ್ಷರಶಃ ಕೇಳಿದರು.

ಅಣ್ಣ ತಂಗಿ ಸಿಂಗಾಪುರಕ್ಕೆ ಹೋದರು. ನನ್ನ ಕಿಟಕಿ ಪಕ್ಕದ ಸೀಟಿನಲ್ಲಿ ಗಿರಿಜಾ ಕೂತಳಂತೆ. ಕೂತ ಕೂಡಲೇ ನಿದ್ದೆ ಹೋದಳಂತೆ. ದಿನಾ ಸಂಜೆ ಇವರು ವಿಡಿಯೋ ಕಾಲ್ ಮಾಡುತ್ತಿದ್ದರು. ಫೋನನ್ನು ಹೊಟ್ಟೆಯ ಹತ್ತಿರ ಹಿಡಿದು ಮಾತಾಡುವ ಅಭ್ಯಾಸ ಇವರದು. "ಹಿಂದೆ ಏನೈತೆ ತೋರಿಸ್ರೀ, ಸಮುದ್ರ ತೋರಿಸ್ರೀ" ಎಂದು ನಾನು ಕೂಗಿದರೆ, "ಹೆಂಗೆ ತಿರುಗ್ಸೋದು ಗೊತ್ತಾಗ್ತಿಲ್ಲ ಕಣೇ" ಎನ್ನುತ್ತಿದ್ದರು. ಇಡೀ ಸಿಂಗಾಪುರದಲ್ಲಿ ನನಗೆ ಕಂಡದ್ದು ಗಂಡನ ಗದ್ದ ಮತ್ತು ಮೂಗಿನ ಹೊಳ್ಳೆ. ಎಂಥ ಊರು ರೀ ಅದು ಎಂದು ಕೇಳಿದರೆ, "ಏನೈತೆ, ಎಲ್ಲ ಬಿಲ್ಡಿಂಗು" ಎಂದರು. ನಾನು ಹಲ್ಲು ಕಚ್ಚಿ, "ಸಮಭಾಜಕ ವೃತ್ತ ಅಲ್ಲೇ ಹತ್ತಿರ, ಯಾರನ್ನಾದ್ರೂ ಕೇಳ್ರಿ, ಒಂದು ಫೋಟೋನಾದ್ರೂ ತನ್ನಿ" ಎಂದೆ. ಮರುದಿನ, "ಡ್ರೈವರನ್ನ ಕೇಳಿದೆ, ಅದು ನಮ್ಮ ಪ್ಯಾ‌ಕೇಜಿನಾಗೆ ಬರಲ್ವಂತೆ" ಎಂದರು. ಗಿರಿಜಾ ಪಕ್ಕದಿಂದ ಮುಖ ತೂರಿಸಿ, "ಬಾಳ ಸೆಕೆ ಅತ್ತಿಗೆ ಇಲ್ಲಿ, ನೀವು ಬರದೇ ಇದ್ದಿದ್ದೇ ಒಳ್ಳೇದಾತು" ಎಂದಳು. ಸಮಾಧಾನ ಮಾಡಲು ಹೇಳಿದಳು, ಪಾಪ. ನಾನು ಆ ರಾತ್ರಿ ದಿಂಬಿಗೆ ಗುದ್ದಿದೆ.

ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಹೊರಡುವ ಮೊದಲು ಇವರು ಎಲ್ಲರಿಗೂ ಹೇಳಿ ಹೋಗಿದ್ದರಲ್ಲ, ಈಗ ಎಲ್ಲರೂ ನನಗೆ ಫೋನ್ ಮಾಡತೊಡಗಿದರು. ಹೊನ್ನಾಳಿ ಅತ್ತೆ, "ಎಂಥ ದೊಡ್ಡ ಮನಸ್ಸವ್ವ ನಿಂದು! ತಾನು ಬಿದ್ಕೊಂಡು ಗಂಡನ್ನ ನಾದಿನೀನ ಕಳ್ಸೀಯಲ್ಲ, ಈಗಿನ ಕಾಲದಾಗೆ ಯಾರು ಕಳಿಸ್ತಾರೆ?" ಎಂದು ಅತ್ತೇಬಿಟ್ಟರು. ಜಗಳೂರಿನ ಚಿಕ್ಕಮಾವ ಕೆಮ್ಮುತ್ತಲೇ, "ನಮ್ಮ ಮನೆತನದ ಮರ್ಯಾದೆ ಉಳಿಸ್ದೆ" ಎಂದರು. ನನ್ನ ಮಗಳ ಅತ್ತೆ ಹಾವೇರಿಯಿಂದ ಫೋನ್ ಮಾಡಿ, ಅದನ್ನೇ ತಮ್ಮ ಸೊಸೆಗೆ, ಅಂದರೆ ನನ್ನ ಮಗಳಿಗೆ, ಉದಾಹರಣೆ ಕೊಟ್ಟು ಹೇಳುತ್ತಿರುವುದಾಗಿ ತಿಳಿಸಿದರು. ಮಗಳು ಪ್ರತ್ಯೇಕವಾಗಿ ಫೋನ್ ಮಾಡಿ, "ಯಾಕಮ್ಮಾ ಹಿಂಗ್ ಮಾಡ್ದೆ?" ಎಂದು ಬೈದಳು. ನನಗೆ ಕೂಗಿ ಹೇಳಬೇಕು ಅನ್ನಿಸುತ್ತಿತ್ತು: ನನ್ನ ಮನಸ್ಸು ದೊಡ್ಡದಲ್ಲ! ಕಡಲೆಕಾಳಿನಷ್ಟಿದೆ! ನನಗೆ ಹೊಟ್ಟೆ ಉರಿಯುತ್ತಿದೆ! ಆದರೆ ಯಾರೊಬ್ಬರೂ ಕೇಳಲಿಲ್ಲ. ಎಲ್ಲರೂ ಹೊಗಳುವವರೇ. ಕೇಳದೆ ಹೇಗೆ ಹೇಳುವುದು? ಒಬ್ಬರು, ಒಬ್ಬರೇ ಒಬ್ಬರು, "ನಿನಗೆ ಸಿಟ್ಟು ಬರಲಿಲ್ವಾ?" ಎಂದು ಕೇಳಲಿ, ಆಗ ತೋರಿಸುತ್ತೇನೆ ಎಂದು ಕಾದೆ.

ಇವರು ವಾಪಸ್ ಬಂದರು. ಒಂದು ದೊಡ್ಡ ಚಾಕೊಲೇಟ್ ಡಬ್ಬ ಮೇಜಿನ ಮೇಲಿಟ್ಟು ದೂರ ನಿಂತರು. ನಾನು ಮಾತಾಡಲಿಲ್ಲ. ನನ್ನ ಮೌನದ ಅರ್ಥ ಇವರಿಗೆ ಗೊತ್ತಿದೆ. ಎರಡು ದಿನ ಮನೆಯಲ್ಲಿ ಬೆಕ್ಕಿನ ಹಾಗೆ ಓಡಾಡಿದರು. ತಾವೇ ಟೀ ಮಾಡಿಕೊಂಡರು, ತಾವೇ ಲೋಟ ತೊಳೆದರು, ಬನಿಯನ್ ಹಿಂಡಿ ತಾವೇ ಒಣಗಿಸಿದರು. ಅಂಗಡಿಗೂ ಬೇಗ ಹೋಗುತ್ತಿದ್ದರು. ನನಗೆ ಎಷ್ಟೋ ಸಮಾಧಾನವಾಗಿತ್ತು. ಈ ಭಯ ಮಳೆಗಾಲದವರೆಗಾದರೂ ಹೀಗೇ ಇರಲಿ, ಆಮೇಲೆ ಮುಂದಿನ ರಜೆಯ ಮಾತು ತೆಗೆಯೋಣ, ಈ ಸಲ ಇಬ್ಬರೇ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಮೂರನೆಯ ದಿನ ಬೆಳಿಗ್ಗೆ ಸುಮಿತ್ರಮ್ಮ ಬಂದರು. ನಾನು ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಊಟ ತಂದು ಹೊರಗಿಟ್ಟು ಹೋದವರು ಅವರೇ. ಹೊಸ್ತಿಲಲ್ಲಿ ನಿಂತು, ಒಳಗೆ ಇವರು ಪೇಪರ್ ಹಿಡಿದು ಕೂತಿದ್ದನ್ನು ಓರೆಗಣ್ಣಿನಿಂದ ನೋಡಿ, ದನಿ ತಗ್ಗಿಸಿ ಕೇಳಿದರು: "ಅಲ್ರೀ ಮಿಸ್, ನಿಮ್ಮನ್ನ ಬಿಟ್ಟು ಹೋದ್ರಲ್ಲ, ನಿಮಗೆ ಒಂಚೂರೂ ಸಿಟ್ಟು ಬರಲಿಲ್ವಾ?"

ಬಂದೇಬಿಟ್ಟಿತು! ನಾನು ಇಷ್ಟು ದಿನ ಕಾದ ಪ್ರಶ್ನೆ. ಒಳಗೆ ಪೇಪರು ಅಲ್ಲಾಡುವುದು ನಿಂತಿತು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು: ಹೊನ್ನಾಳಿ, ನ್ಯಾಮತಿ, ಜಗಳೂರು, ಮಂಚ, ಮಾಸ್ಕು, ಗದ್ದ. ನಾನು ಉಸಿರೆಳೆದುಕೊಂಡು ಬಾಯಿ ತೆಗೆದೆ.

"ಅಯ್ಯೋ, ಸಿಟ್ಟು ಯಾಕ್ರೀ ಬರಬೇಕು? ಅವರು ಹೋಗಿ ಬಂದ್ರೆ ನಾನು ಹೋಗಿ ಬಂದ ಹಾಗೇ ಅಲ್ವಾ?"

ಹೀಗೆಂದದ್ದು ಬೇರೆ ಯಾರೂ ಅಲ್ಲ, ನಾನೇ. ನಗುಮುಖದಿಂದ, ತಲೆಯನ್ನು ಒಂದಿಷ್ಟು ವಾಲಿಸಿ ಅಂದೆ. ಸುಮಿತ್ರಮ್ಮ ಕಣ್ಣೊರೆಸಿಕೊಂಡು, "ನಿಮ್ಮಂಥವರು ಸಿಗಾಕೆ ಪುಣ್ಯ ಮಾಡಿರಬೇಕು" ಎಂದು ಹೋದರು. ತಿರುಗಿ ನೋಡಿದರೆ ಇವರ ಮುಖ ಸೋಪು ಹಾಕಿ ತೊಳೆದ ಹಾಗೆ ಹೊಳೆಯುತ್ತಿತ್ತು. ಎರಡು ದಿನದ ಭಯ ಒಂದೇ ಕ್ಷಣಕ್ಕೆ ಇಳಿದುಹೋಗಿತ್ತು. ಕಾಲ ಮೇಲೆ ಕಾಲು ಹಾಕಿಕೊಂಡು, ಪೇಪರ್ ಮಡಿಸಿ, "ಒಂದು ಲೋಟ ಟೀ ಕೊಡ್ತೀಯೇನೇ?" ಎಂದರು.

ಕೊಟ್ಟೆ. ಸಿಟ್ಟಿನಲ್ಲಿ ಸಕ್ಕರೆ ಮಾತ್ರ ಹಾಕಲಿಲ್ಲ, ಒಂದು ಕಾಳೂ ಹಾಕಲಿಲ್ಲ. ಎದುರಿಗೇ ನಿಂತು ನೋಡಿದೆ. ಇವರು ಒಂದು ಗುಟುಕು ಕುಡಿದು, ಒಂದು ಕ್ಷಣ ಲೋಟ ನೋಡಿ, ನನ್ನ ಮುಖ ನೋಡಿ, ಪೂರ್ತಿ ಕುಡಿದು ಮುಗಿಸಿ, "ಬಾಳ ಚೆನ್ನಾಗೈತೆ" ಎಂದರು.